ಲೋಹಕ್ಕೂ ಬೇಕು ಆಸರೆ

ಚನ್ನಗಿರಿ ತಾಲ್ಲೂಕು ಎಂದೊಡನೆ ನೆನಪಾಗುವುದು ಅಡಿಕೆ ತೋಟ ಮತ್ತು ಸೂಳೆಕೆರೆ ಎಂದೇ ಜನ ಕರೆಯುವ ಶಾಂತಿಸಾಗರ. ಆದರೆ ಭೂವಿಜ್ಞಾನಿಗಳಿಗೆ ಈ ತಾಲ್ಲೂಕಿನ ಹೆಸರು ಬೇರೊಂದು ಕಾರಣಕ್ಕೆ ಪರಿಚಿತ. ಇಲ್ಲಿನ ಹನುಮಲಾಪುರದ ಸುತ್ತಮುತ್ತ ಇರುವ, 250 ಕೋಟಿ ವರ್ಷಗಳಿಗೂ ಹಳೆಯದಾದ ಕಪ್ಪು ಶಿಲೆಗಳಲ್ಲಿ ಪ್ಲಾಟಿನಂ ಹಾಗೂ ಅದರ ಬಳಗದ ಪಲ್ಲಾಡಿಯಂ ಬೆರೆತಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇಲ್ಲಿ ಶೋಧ ನಡೆಸಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಟಿ.ಸಿ. ದೇವರಾಜು ಮತ್ತು ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದ ಸಂಗಡಿಗರು ಈ ಶಿಲೆಗಳ ಬಗ್ಗೆ ಸಂಶೋಧನಾ ಲೇಖನಗಳನ್ನು ಪ್ರಕಟಿಸಿದ್ದಾರೆ.

ಪ್ಲಾಟಿನಂ ಎಂದರೆ ಒಡವೆ ಎಂಬ ಭಾವನೆ ಸಾಮಾನ್ಯ. ಆದರೆ ಜಗತ್ತಿನಲ್ಲಿ ಪಲ್ಲಾಡಿಯಂನ ಬಹುಪಾಲು ಬಳಕೆಯಾಗುವುದು ವಾಹನಗಳ ಹೊಗೆ ಕೊಳವೆಯಲ್ಲಿ. ವಿಷದ ಹೊಗೆಯನ್ನು ಹಗುರಗೊಳಿಸುವುದು ಅದರ ಕೆಲಸ. ಭಾರತ ತನಗೆ ಬೇಕಾದ ಈ ಲೋಹಗಳ ಬಹುಭಾಗವನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತದೆ. ದಕ್ಷಿಣ ಆಫ್ರಿಕಾ ಮತ್ತು ರಷ್ಯಾದ ಒಳ್ಳೆಯ ಗಣಿಗಳಲ್ಲೂ ಒಂದು ಟನ್ ಕಲ್ಲು ಪುಡಿ ಮಾಡಿದರೆ ಕೈಗೆ ಬರುವುದು ಕೆಲವೇ ಗ್ರಾಂ.

ಇಷ್ಟು ಕಷ್ಟಪಟ್ಟು ತೆಗೆದ ಲೋಹ ಎಷ್ಟು ದಿನ ಕೆಲಸ ಮಾಡುತ್ತದೆ? ಈ ಪ್ರಶ್ನೆಗೆ ಉತ್ತರ ಲೋಹದಲ್ಲಿ ಮಾತ್ರ ಇಲ್ಲ. ಆ ಲೋಹ ಕುಳಿತಿರುವ ಮಣ್ಣಿನಂಥ ಸಾಧಾರಣ ಪುಡಿಯಲ್ಲೂ ಇದೆ. ರಸಾಯನ ವಿಜ್ಞಾನ ಇದನ್ನು ಅರಿಯಲು ಸುಮಾರು ಒಂದೂವರೆ ಶತಮಾನ ಹಿಡಿಯಿತು. ಆ ಕಥೆಯ ಒಂದು ಮುಖ್ಯ ಅಧ್ಯಾಯ ಬೆಂಗಳೂರಿನಲ್ಲಿ ನಡೆದಿದೆ.

ಒಂದೂವರೆ ಎಕರೆಯ ಸಕ್ಕರೆ ಅಚ್ಚು

ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸಿ, ತಾನು ಮಾತ್ರ ಖರ್ಚಾಗದೆ ಉಳಿಯುವ ವಸ್ತುವನ್ನು ಶಾಲೆಯ ಪುಸ್ತಕಗಳು ಕ್ರಿಯಾವರ್ಧಕ ಎನ್ನುತ್ತವೆ. ಕಾರ್ಖಾನೆಯವರ ಬಾಯಲ್ಲಿ ಅದು ಕ್ಯಾಟಲಿಸ್ಟ್. ಸ್ವೀಡನ್ನಿನ ಬರ್ಜೀಲಿಯಸ್ 1835ರಲ್ಲಿ ಈ ವಿದ್ಯಮಾನಕ್ಕೆ ಹೆಸರಿಟ್ಟರು. ಕ್ರಿಯಾವರ್ಧಕವೆಂದರೆ ವೇಗ ಬದಲಿಸುವ ವಸ್ತು ಎಂಬ ಸ್ಪಷ್ಟ ವ್ಯಾಖ್ಯೆ ಕೊಟ್ಟವರು ಲೈಪ್‌ಜಿಗ್‌ನ ವಿಲ್ಹೆಲ್ಮ್ ಓಸ್ಟ್‌ವಾಲ್ಡ್. ಅದಕ್ಕಾಗಿ ಅವರಿಗೆ 1909ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಘನ ಲೋಹ ಕ್ರಿಯಾವರ್ಧಕವಾದಾಗ ಕೆಲಸವೆಲ್ಲ ನಡೆಯುವುದು ಅದರ ಮೈಮೇಲೆ. ಅನಿಲದ ಅಣುಗಳು ಬಂದು ಮೇಲ್ಮೈಯ ಪರಮಾಣುಗಳಿಗೆ ಅಂಟಿ, ಅಲ್ಲಿ ಒಡೆದು ಹೊಸದಾಗಿ ಕೂಡಿಕೊಂಡು ಹೊರಡುತ್ತವೆ. ಒಳಗೆ ಹುದುಗಿದ ಪರಮಾಣುಗಳಿಗೆ ಕೆಲಸವೇ ಇಲ್ಲ. ಆದ್ದರಿಂದ ಲೋಹವನ್ನು ಎಷ್ಟು ಸಣ್ಣಗೆ ಒಡೆದರೆ ಅಷ್ಟು ಲಾಭ.

ಸರಳ ಲೆಕ್ಕವೊಂದನ್ನು ನೋಡಬಹುದು. ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಪ್ಲಾಟಿನಂ ತುಂಡು ಸಕ್ಕರೆ ಅಚ್ಚಿನಷ್ಟಿದ್ದರೂ ಸುಮಾರು 21 ಗ್ರಾಂ ತೂಗುತ್ತದೆ. ಅದರ ಆರು ಮುಖಗಳೂ ಸೇರಿದರೆ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ ಒಂದೊಂದು ನ್ಯಾನೊಮೀಟರ್ ಅಳತೆಯ ತುಣುಕುಗಳಾಗಿ ಒಡೆದರೆ ಒಟ್ಟು ಮೇಲ್ಮೈ 6,000 ಚದರ ಮೀಟರ್ ಆಗುತ್ತದೆ. ಅಂದರೆ ಸುಮಾರು ಒಂದೂವರೆ ಎಕರೆ. ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿ ಪಾಲಿನಲ್ಲಿ ಒಂದು ಪಾಲು. ಅಂಥ ತುಣುಕಿನ ಒಂದು ಅಂಚಿನ ಉದ್ದಕ್ಕೆ ನಾಲ್ಕೈದು ಪರಮಾಣುಗಳಷ್ಟೇ ಹಿಡಿಯುತ್ತವೆ.

ತೊಡಕು ಇರುವುದು ಇಲ್ಲಿಯೇ. ಇಷ್ಟು ಸಣ್ಣ ಕಣಗಳು ಸಣ್ಣದಾಗಿಯೇ ಉಳಿಯಲು ಒಪ್ಪುವುದಿಲ್ಲ. ಬಿಸಿ ಸಾರಿನ ಮೇಲೆ ತೇಲುವ ಎಣ್ಣೆಯ ಹನಿಗಳು ಒಂದನ್ನೊಂದು ಮುಟ್ಟಿದೊಡನೆ ಸೇರಿ ದೊಡ್ಡ ಹನಿಯಾಗುವುದನ್ನು ಎಲ್ಲರೂ ನೋಡಿದ್ದಾರೆ. ಶಾಖ ತಗುಲಿದ ಲೋಹದ ಕಣಗಳದ್ದೂ ಅದೇ ಹಾದಿ. ಎಂಟು ಕಣಗಳು ಕೂಡಿ ಒಂದಾದರೆ ಒಟ್ಟು ಮೇಲ್ಮೈ ಅರ್ಧಕ್ಕೆ ಇಳಿಯುತ್ತದೆ. ತೂಕದಲ್ಲಿ ಒಂದು ಗುಲಗಂಜಿಯೂ ಕಡಿಮೆಯಾಗಿರುವುದಿಲ್ಲ, ಆದರೆ ಕೆಲಸದಲ್ಲಿ ಅರ್ಧ ಲೋಹ ಸತ್ತಿರುತ್ತದೆ.

ಕಣಗಳು ಬೆಳೆಯುವ ದಾರಿ ಎರಡು. ಮೊದಲನೆಯದರಲ್ಲಿ ಇಡೀ ಕಣಗಳೇ ಸರಿದಾಡಿ ಡಿಕ್ಕಿ ಹೊಡೆದು ಬೆಸೆದುಕೊಳ್ಳುತ್ತವೆ. ಎರಡನೆಯದು ಇನ್ನೂ ಸದ್ದಿಲ್ಲದ್ದು. ಸಣ್ಣ ಕಣದ ಪರಮಾಣುಗಳಿಗೆ ನೆರೆಹೊರೆಯ ಹಿಡಿತ ಕಡಿಮೆ. ಅವು ಒಂದೊಂದಾಗಿ ಕಳಚಿಕೊಂಡು ಹೋಗಿ ದೊಡ್ಡ ಕಣವನ್ನು ಸೇರುತ್ತವೆ. ಸಣ್ಣದು ಕರಗುತ್ತ ಕಾಣೆಯಾಗುತ್ತದೆ, ದೊಡ್ಡದು ಕೊಬ್ಬುತ್ತದೆ. ಈ ಎರಡನೆಯ ದಾರಿಗೆ ಓಸ್ಟ್‌ವಾಲ್ಡ್ ಅವರ ಹೆಸರೇ ಇದೆ. ಕ್ರಿಯಾವರ್ಧಕ ಎಂದರೇನೆಂದು ಹೇಳಿದ ವ್ಯಕ್ತಿಯ ಹೆಸರೇ ಅದರ ಸಾವಿನ ಒಂದು ಬಗೆಗೂ ಅಂಟಿಕೊಂಡದ್ದು ವಿಜ್ಞಾನದ ಇತಿಹಾಸದ ವಿಚಿತ್ರಗಳಲ್ಲೊಂದು.

ಲೋಹ ಕರಗುವಷ್ಟು ಬಿಸಿಯಾದಾಗ ಮಾತ್ರ ಹೀಗಾಗುತ್ತದೆ ಎಂದೇನಿಲ್ಲ. ಕರಗುವ ಉಷ್ಣತೆಯನ್ನು ಕೆಲ್ವಿನ್ ಮಾಪಕದಲ್ಲಿ ಅಳೆದರೆ, ಅದರ ಅರ್ಧ ತಲಪುವ ಹೊತ್ತಿಗೇ ಪರಮಾಣುಗಳ ಓಡಾಟ ಜೋರಾಗಿರುತ್ತದೆ. ತಾಮ್ರ ಕರಗುವುದು 1,085 ಡಿಗ್ರಿ ಸೆಲ್ಸಿಯಸ್‌ನಲ್ಲಾದರೂ ಅದರ ಕಣಗಳಿಗೆ 400 ಡಿಗ್ರಿಯೇ ಗಂಡಾಂತರ. ಪ್ಲಾಟಿನಂ ಕರಗಲು 1,768 ಡಿಗ್ರಿ ಬೇಕು, ಕಣಗಳು ಕೂಡಿಕೊಳ್ಳಲು 750 ಡಿಗ್ರಿ ಸಾಕು. ವಾಹನದ ಎಂಜಿನ್ನಿನಿಂದ ಹೊರಡುವ ಹೊಗೆ ಆಗಾಗ ಅಷ್ಟು ಬಿಸಿಯಾಗಿರುತ್ತದೆ.

ಕಲ್ನಾರಿನಿಂದ ಶೇಂಗಾ ಎಣ್ಣೆಯವರೆಗೆ

ಲೋಹವನ್ನು ಬೇರೊಂದು ಪದಾರ್ಥದ ಮೇಲೆ ಹರಡುವ ಯೋಚನೆ ಮೊದಲು ಹುಟ್ಟಿದ್ದು ಉಳಿತಾಯದ ದೃಷ್ಟಿಯಿಂದ. ಗಂಧಕಾಮ್ಲ ತಯಾರಿಕೆಗೆ ಪ್ಲಾಟಿನಂ ಬಳಸಬಹುದೆಂದು ಇಂಗ್ಲೆಂಡಿನ ಪೆರಿಗ್ರಿನ್ ಫಿಲಿಪ್ಸ್ 1831ರಲ್ಲೇ ಪೇಟೆಂಟ್ ಪಡೆದಿದ್ದರು. ಜರ್ಮನಿಯ ಕ್ಲೆಮೆನ್ಸ್ ವಿಂಕ್ಲರ್ 1875ರಲ್ಲಿ ಪ್ಲಾಟಿನಂ ಅನ್ನು ಕಲ್ನಾರಿನ ಎಳೆಗಳ ಮೇಲೆ ಲೇಪಿಸಿ ಅದೇ ಕೆಲಸಕ್ಕೆ ಹಚ್ಚಿದರು. ಆಗ ಕಲ್ನಾರು ಬರಿಯ ಹಾಸುಗೆ. ಅದಕ್ಕೂ ಒಂದು ಪಾತ್ರವಿದೆ ಎಂದು ಯಾರೂ ಎಣಿಸಿರಲಿಲ್ಲ.

ಫ್ರಾನ್ಸಿನ ಪಾಲ್ ಸಬಾಟಿಯೆ 1897ರಲ್ಲಿ ಸಂಗಡಿಗ ಸಾಂದ್ರಾಂ ಜೊತೆಗೂಡಿ, ನಿಕಲ್ ಪುಡಿಯ ಮೇಲೆ ಹೈಡ್ರೋಜನ್ ಹಾಯಿಸಿ ಎಥಿಲೀನ್ ಅನಿಲವನ್ನು ಈಥೇನ್ ಆಗಿಸಿದರು. ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ 1901ರಲ್ಲಿ ಇದೇ ತಂತ್ರವನ್ನು ಎಣ್ಣೆಗೆ ಒಡ್ಡಿದಾಗ ದ್ರವವಾಗಿದ್ದ ಎಣ್ಣೆ ತುಪ್ಪದಂತೆ ಗಟ್ಟಿಯಾಯಿತು. ಭಾರತದಲ್ಲಿ 1937ರಲ್ಲಿ ಡಾಲ್ಡಾ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದ ವನಸ್ಪತಿಯ ಮೂಲ ಇದೇ. ದಶಕಗಳ ಕಾಲ ದೇಶದ ವನಸ್ಪತಿ ಕಾರ್ಖಾನೆಗಳಿಗೆ ಮುಖ್ಯ ಕಚ್ಚಾವಸ್ತು ಶೇಂಗಾ ಎಣ್ಣೆ. ಜಗಳೂರಿನಂಥ ಮಳೆಯಾಶ್ರಿತ ಸೀಮೆಗಳ ಕೆಂಪು, ಕಪ್ಪು ಹೊಲಗಳಲ್ಲಿ ಬೆಳೆಯುವ ಬೆಳೆಗೂ ಯುರೋಪಿನ ಪ್ರಯೋಗಾಲಯದ ನಿಕಲ್ಲಿಗೂ ಹೀಗೆ ನಂಟು ಬೆಳೆಯಿತು.

ಆ ನಿಕಲ್ಲನ್ನು ಎಣ್ಣೆಗೆ ಬರಿದಾಗಿ ಸುರಿಯುತ್ತಿರಲಿಲ್ಲ. ಕೀಸಲ್‌ಗುರ್ ಎಂಬ ಬಿಳಿ ಮಣ್ಣಿನ ಮೇಲೆ ಅದನ್ನು ಕೂರಿಸುತ್ತಿದ್ದರು. ಡಯಾಟಮ್ ಎಂಬ ಕಣ್ಣಿಗೆ ಕಾಣದ ಪಾಚಿಗಳ ಸಿಲಿಕಾ ಚಿಪ್ಪುಗಳು ಲಕ್ಷಾಂತರ ವರ್ಷ ಶೇಖರವಾಗಿ ಆದ ಮಣ್ಣು ಅದು. ಚಿಪ್ಪಿನ ತುಂಬ ರಂಧ್ರ. ನಿಕಲ್ ಕಣಗಳು ಆ ರಂಧ್ರಗಳಲ್ಲಿ ಹಂಚಿ ಕುಳಿತು ಪರಸ್ಪರ ದೂರ ಉಳಿಯುತ್ತಿದ್ದವು. ಕೆಲಸ ಮುಗಿದ ಮೇಲೆ ಸೋಸಿ ತೆಗೆಯುವುದೂ ಸುಲಭವಾಗಿತ್ತು. ವನಸ್ಪತಿಯ ಮುಂದಿನ ಕಥೆ ಅಷ್ಟು ಸಿಹಿಯಲ್ಲ. ಅರೆಬರೆ ಗಟ್ಟಿಯಾದ ಎಣ್ಣೆಯಲ್ಲಿ ಹೃದಯಕ್ಕೆ ಕೇಡು ಮಾಡುವ ಟ್ರಾನ್ಸ್ ಕೊಬ್ಬು ಇರುತ್ತದೆಂದು ತಿಳಿದ ಮೇಲೆ, 2022ರ ಜನವರಿಯಿಂದ ಭಾರತದಲ್ಲಿ ಅದಕ್ಕೆ ಶೇಕಡ 2ರ ಮಿತಿ ಬಿದ್ದಿದೆ.

ಗದ್ದೆಗೆ ಬಂದ ಕಬ್ಬಿಣ

ಆಸರೆಯ ಮಹತ್ವವನ್ನು ಜಗತ್ತಿಗೆ ಮನಗಾಣಿಸಿದ್ದು ಅಮೋನಿಯಾ. ಗಾಳಿಯ ಸಾರಜನಕವನ್ನು ಹೈಡ್ರೋಜನ್ ಜೊತೆ ಕೂಡಿಸಿ ಅಮೋನಿಯಾ ಮಾಡಬಹುದೆಂದು ಫ್ರಿಟ್ಜ್ ಹೇಬರ್ 1909ರಲ್ಲಿ ತೋರಿಸಿದರು. ಅವರು ಬಳಸಿದ್ದು ಆಸ್ಮಿಯಂ ಎಂಬ ಅತಿ ವಿರಳ ಲೋಹ. ಕಾರ್ಖಾನೆಗೆ ಅದು ಒದಗುವಂತಿರಲಿಲ್ಲ. ಕಾರ್ಲ್ ಬಾಷ್ ಅವರ ಕಂಪನಿಯಲ್ಲಿ ಆಲ್ವಿನ್ ಮಿಟಾಷ್ ಅಗ್ಗದ ಬದಲಿಗಾಗಿ ಸಾವಿರಾರು ಮಿಶ್ರಣಗಳನ್ನು ಪರೀಕ್ಷಿಸಿದರು. ಶುದ್ಧ ಕಬ್ಬಿಣ ನಿರಾಸೆ ಮೂಡಿಸಿತು. ಆದರೆ ಸ್ವೀಡನ್ನಿನ ಒಂದು ಗಣಿಯ ಮ್ಯಾಗ್ನೆಟೈಟ್ ಅದಿರಿನಿಂದ ತೆಗೆದ ಕಬ್ಬಿಣ ಮಾತ್ರ ಚೆನ್ನಾಗಿ ಕೆಲಸ ಮಾಡಿತು. ಅದರ ಗುಟ್ಟು ಅದಿರಿನಲ್ಲಿದ್ದ ಬೆರಕೆಯಲ್ಲಿತ್ತು.

ಬೆರಕೆಗಳನ್ನು ಒಂದೊಂದಾಗಿ ಸೇರಿಸಿ ನೋಡಿದಾಗ ಸತ್ಯ ಹೊರಬಿತ್ತು. ಕೆಲವೇ ಶೇಕಡ ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್, ಕಬ್ಬಿಣದ ಹರಳುಗಳ ನಡುವೆ ಗದ್ದೆಯ ಬದುವಿನಂತೆ ನಿಂತು ಅವು ಕೂಡಿಕೊಳ್ಳದಂತೆ ತಡೆಯುತ್ತಿತ್ತು. ಪೊಟಾಷಿಯಂ ಆಕ್ಸೈಡ್ ಕಬ್ಬಿಣದ ಚುರುಕು ಹೆಚ್ಚಿಸುತ್ತಿತ್ತು. 1913ರಲ್ಲಿ ಜರ್ಮನಿಯ ಓಪ್ಪೌದಲ್ಲಿ ಮೊದಲ ಕಾರ್ಖಾನೆ ಶುರುವಾಯಿತು. ಸರಿಯಾಗಿ ನೋಡಿಕೊಂಡರೆ ಇಂದಿನ ಅಮೋನಿಯಾ ಕಾರ್ಖಾನೆಗಳಲ್ಲಿ ಇದೇ ಜಾತಿಯ ಕಬ್ಬಿಣ ಹತ್ತು ವರ್ಷಕ್ಕೂ ಮೀರಿ ಬಾಳುತ್ತದೆ. ಪುಡಿಯ ಮೇಲ್ಮೈ ಎಷ್ಟೆಂದು ಅಳೆಯುವ ವಿಧಾನವನ್ನು ಬ್ರೂನವರ್, ಎಮೆಟ್ ಮತ್ತು ಟೆಲ್ಲರ್ 1938ರಲ್ಲಿ ಪ್ರಕಟಿಸಿದರು. ಅದಕ್ಕೂ ಪ್ರೇರಣೆ ಅಮೋನಿಯಾ ಕ್ರಿಯಾವರ್ಧಕಗಳ ಅಧ್ಯಯನವೇ.

ಕರ್ನಾಟಕದಲ್ಲಿ ಮಂಗಳೂರು ಬಳಿಯ ಪಣಂಬೂರಿನ ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಕಾರ್ಖಾನೆ 1976ರಲ್ಲಿ ಯೂರಿಯಾ ತಯಾರಿಕೆ ಆರಂಭಿಸಿತು. ಯೂರಿಯಾಕ್ಕೆ ಅಮೋನಿಯಾ ಬೇಕು, ಅಮೋನಿಯಾಕ್ಕೆ ಹೈಡ್ರೋಜನ್ ಬೇಕು. ಇಂಥ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಹೈಡ್ರೋಜನ್ ತೆಗೆಯುವುದು 800 ಡಿಗ್ರಿ ಆಸುಪಾಸಿನಲ್ಲಿ ಅಲ್ಯೂಮಿನಾದಂಥ ಆಸರೆಯ ಮೇಲೆ ಕೂರಿಸಿದ ನಿಕಲ್. ಮುಂದಿನ ಹಂತದಲ್ಲಿ ಇಂಗಾಲದ ಮಾನಾಕ್ಸೈಡನ್ನು ನಿವಾರಿಸುವುದು ತಾಮ್ರ. ಬೇಗ ಕೂಡಿಕೊಳ್ಳುವ ಈ ತಾಮ್ರವನ್ನು ಸತುವಿನ ಆಕ್ಸೈಡ್ ಮತ್ತು ಅಲ್ಯೂಮಿನಾ ಬೇರೆಬೇರೆಯಾಗಿ ಹಿಡಿದಿಡುತ್ತವೆ. ಕೊನೆಯಲ್ಲಿ ಬರುವುದು ಮಿಟಾಷ್ ಅವರ ಕಬ್ಬಿಣ. ಭದ್ರಾ ನಾಲೆಯ ನೀರು ಕಾಣುವ ಚನ್ನಗಿರಿ, ಹೊನ್ನಾಳಿಯ ಭತ್ತದ ಗದ್ದೆಗಾಗಲಿ, ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯ ಮೆಕ್ಕೆಜೋಳದ ಹೊಲಕ್ಕಾಗಲಿ ಬೀಳುವ ಯೂರಿಯಾದ ಪ್ರತಿ ಚೀಲವೂ ಇಂಥ ಹಲವು ಆಸರೆಗಳನ್ನು ದಾಟಿ ಬಂದಿರುತ್ತದೆ.

ಹೊಗೆ ಕೊಳವೆಯ ಪಾಠ

ಅಮೆರಿಕದಲ್ಲಿ 1970ರ ಶುದ್ಧ ಗಾಳಿ ಕಾಯಿದೆಯ ಒತ್ತಡದಿಂದ 1975ರ ಮಾದರಿಯ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಭಾರತದಲ್ಲಿ 1995ರ ಏಪ್ರಿಲ್‌ನಿಂದ ದೆಹಲಿ, ಮುಂಬಯಿ, ಕಲ್ಕತ್ತ ಮತ್ತು ಮದ್ರಾಸುಗಳಲ್ಲಿ ಮಾರಾಟವಾಗುವ ಹೊಸ ಪೆಟ್ರೋಲ್ ಕಾರುಗಳಿಗೆ ಅದು ಕಡ್ಡಾಯವಾಯಿತು. ಸೀಸ ತಾಗಿದರೆ ಪ್ಲಾಟಿನಂ ಕೆಡುತ್ತದಾದ್ದರಿಂದ ಸೀಸರಹಿತ ಪೆಟ್ರೋಲೂ ಬೇಕಾಯಿತು. 2000ದಲ್ಲಿ ಅದು ದೇಶದಾದ್ಯಂತ ಜಾರಿಗೆ ಬಂತು.

ಈ ಡಬ್ಬಿಯೊಳಗೆ ಜೇನುಹುಟ್ಟಿನಂತೆ ಕಂಡಿಗಳಿರುವ ಪಿಂಗಾಣಿಯ ಅಚ್ಚು ಇರುತ್ತದೆ. ಕಂಡಿಗಳ ಗೋಡೆಗೆ ಅಲ್ಯೂಮಿನಾದ ತೆಳು ಲೇಪ. ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಕಣಗಳು, ಎಲ್ಲ ಸೇರಿ ಕೆಲವೇ ಗ್ರಾಂ. ಒಂದು ಗ್ರಾಂ ಅಲ್ಯೂಮಿನಾ ಪುಡಿಯ ಮೇಲ್ಮೈ 200 ಚದರ ಮೀಟರ್‌ವರೆಗೂ ಇರಬಲ್ಲದು. ಒಂದು ಚಿಟಿಕೆ ಪುಡಿಯೊಳಗೆ ಎರಡು ಗುಂಟೆ ಜಾಗ. ಇಷ್ಟು ವಿಶಾಲವಾಗಿ ಚದುರಿದರೂ ಲೋಹದ ಕಣಗಳು ಓಡಾಡದೆ ಇರಲಿಲ್ಲ. ಫೋರ್ಡ್ ಕಂಪನಿಯ ವಿನ್‌ಬ್ಲಾಟ್ ಮತ್ತು ಯೋಸ್ಟೈನ್ ಎಂಬ ವಿಜ್ಞಾನಿಗಳು ಆಸರೆಯ ಮೇಲಿನ ಲೋಹದ ಹರಳುಗಳು ಬೆಳೆಯುವ ಬಗೆಯನ್ನು 1975ರಲ್ಲಿ ವಿವರವಾಗಿ ವಿಶ್ಲೇಷಿಸಿದರು. ಮೋಟಾರು ಕಂಪನಿಗೆ ಈ ಉಸಾಬರಿ ಏಕೆಂದರೆ, ಕಣ ದಪ್ಪಗಾದಷ್ಟೂ ಡಬ್ಬಿಗೆ ಹೆಚ್ಚು ಪ್ಲಾಟಿನಂ ತುಂಬಬೇಕು.

ಆಸರೆಗಳ ಸ್ವಭಾವ ಬೇರೆಬೇರೆ ಎಂಬುದು ಆಗ ಒಂದೊಂದಾಗಿ ಬೆಳಕಿಗೆ ಬಂತು. ಸಿಲಿಕಾದ ಹಿಡಿತ ಸಡಿಲ. ಅದರ ಮೇಲೆ ಲೋಹ ಕೆಸುವಿನೆಲೆಯ ಮೇಲಿನ ನೀರಿನಂತೆ ಗುಂಡಗೆ ನಿಂತು ಸುಲಭವಾಗಿ ಜಾರುತ್ತದೆ. ಅಲ್ಯೂಮಿನಾದ ಹಿಡಿತ ಅದಕ್ಕಿಂತ ಬಿಗಿ, ಆದರೆ 1,000 ಡಿಗ್ರಿ ದಾಟಿದರೆ ಅದರ ರಂಧ್ರಗಳೇ ಮುಚ್ಚಿಕೊಳ್ಳುತ್ತವೆ. ಸೀರಿಯಂ ಆಕ್ಸೈಡ್, ಅಂದರೆ ಸೀರಿಯಾ, ತನ್ನ ಆಮ್ಲಜನಕದ ಮೂಲಕ ಪ್ಲಾಟಿನಂ ಜೊತೆ ಗಟ್ಟಿ ಬಂಧ ಬೆಳೆಸುತ್ತದೆ. ಹೊಗೆಯಲ್ಲಿ ಆಮ್ಲಜನಕ ಹೆಚ್ಚಿದ್ದಾಗ ಕೂಡಿಟ್ಟುಕೊಂಡು, ಕೊರತೆಯಾದಾಗ ಬಿಟ್ಟುಕೊಡುವ ಗುಣವೂ ಅದಕ್ಕಿದೆ.

ಟೈಟಾನಿಯಾ, ಅಂದರೆ ಟೈಟಾನಿಯಂ ಆಕ್ಸೈಡ್, ಎಲ್ಲಕ್ಕಿಂತ ಅಚ್ಚರಿ ಹುಟ್ಟಿಸಿತು. ಎಕ್ಸಾನ್ ಕಂಪನಿಯ ಸ್ಯಾಮ್ಯುಯೆಲ್ ಟಾಸ್ಟರ್ ಮತ್ತು ಜೊತೆಗಾರರು ಟೈಟಾನಿಯಾದ ಮೇಲಿನ ಲೋಹಗಳನ್ನು ಹೈಡ್ರೋಜನ್‌ನಲ್ಲಿ ಬಿಸಿ ಮಾಡಿದಾಗ, ಕಣಗಳು ಸಣ್ಣದಾಗಿಯೇ ಉಳಿದಿದ್ದರೂ ಅನಿಲವನ್ನು ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಅವರು ಇದನ್ನು 1978ರಲ್ಲಿ ಪ್ರಕಟಿಸಿದರು. ಆಸರೆಯೇ ತೆಳು ಪದರವಾಗಿ ಲೋಹದ ಮೇಲೆ ಹತ್ತಿ ಮುಚ್ಚಿಕೊಂಡಿತ್ತೆಂಬುದು ನಂತರ ಖಚಿತವಾಯಿತು. ಹಿಡಿತ ಸಡಿಲವಾದರೆ ಲೋಹ ಓಡುತ್ತದೆ, ಬಿಗಿಯಾದರೆ ಉಸಿರು ಕಟ್ಟುತ್ತದೆ. ಅಲ್ಲಿಂದಾಚೆಗೆ ಆಸರೆಯನ್ನು ಬರಿಯ ಹಾಸುಗೆ ಎಂದು ಯಾರೂ ಹೇಳಲಿಲ್ಲ.

ಹೊನ್ನಿಗೆ ಬಂದ ಜೀವ

ಹೆಸರಿನಲ್ಲೇ ಹೊನ್ನು ಇರುವ ಹೊನ್ನಾಳಿಯ ಸೀಮೆಯಲ್ಲಿ, ಕುದುರೆಕೊಂಡದ ಸುತ್ತ, ಚಿನ್ನ ಬೆರೆತ ಬೆಣಚುಕಲ್ಲಿನ ಪಟ್ಟಿಗಳಿವೆ. ಹಿಂದಿನವರು ಅವನ್ನು ಅಗೆದ ಗುರುತುಗಳೂ ಇವೆ. ಚಿನ್ನಕ್ಕೆ ಬೆಲೆ ಬಂದಿದ್ದೇ ಅದು ಯಾವುದರೊಂದಿಗೂ ಬೆರೆಯದೆ ಹೊಳಪು ಉಳಿಸಿಕೊಳ್ಳುವುದರಿಂದ. ಕ್ರಿಯಾವರ್ಧಕವಾಗಿ ಅದು ನಿಷ್ಪ್ರಯೋಜಕ ಎಂಬುದು ರಸಾಯನ ವಿಜ್ಞಾನಿಗಳ ಬಹುಕಾಲದ ನಂಬಿಕೆಯಾಗಿತ್ತು.

ಜಪಾನಿನ ಮಸಾತಾಕೆ ಹರುತ 1987ರಲ್ಲಿ ಅದನ್ನು ತಲೆಕೆಳಗು ಮಾಡಿದರು. ಕೆಲವೇ ನ್ಯಾನೊಮೀಟರ್ ಗಾತ್ರದ ಚಿನ್ನದ ಕಣಗಳನ್ನು ಕಬ್ಬಿಣದ ಆಕ್ಸೈಡಿನಂಥ ಆಸರೆಯ ಮೇಲೆ ಕೂರಿಸಿದಾಗ, ಅವು ಸೊನ್ನೆಗಿಂತ 70 ಡಿಗ್ರಿ ಕೆಳಗಿನ ಚಳಿಯಲ್ಲೂ ಇಂಗಾಲದ ಮಾನಾಕ್ಸೈಡನ್ನು ಸುಟ್ಟವು. ಕಣಗಳು ಬೆಳೆದು ದಪ್ಪಗಾದರೆ ಈ ಶಕ್ತಿ ಕುಸಿಯುತ್ತದೆ. ಆಸರೆ ಬದಲಾದರೂ ಅಷ್ಟೆ. ಲೋಹವೂ ಆಕ್ಸೈಡೂ ಸೇರುವ ಅಂಚಿನಲ್ಲೇ ಹೆಚ್ಚಿನ ಕೆಲಸ ನಡೆಯುತ್ತದೆ ಎಂಬ ತಿಳಿವಳಿಕೆಗೆ ಚಿನ್ನವೇ ಒಳ್ಳೆಯ ಸಾಕ್ಷಿಯಾಯಿತು.

ಮಂಡಕ್ಕಿಯಂತೆ ಉಬ್ಬಿದ ಆಕ್ಸೈಡ್

ಈ ಇತಿಹಾಸಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿಕೊಳ್ಳುವುದು ಯೂರಿಯಾದ ಮೂಲಕವೇ. ಅಲ್ಲಿನ ಕೆ.ಸಿ. ಪಾಟೀಲ ಅವರು ವಿದ್ಯಾರ್ಥಿ ಕಿಂಗ್ಸ್‌ಲಿ ಜೊತೆ 1988ರಲ್ಲಿ ಆಕ್ಸೈಡ್ ತಯಾರಿಸುವ ಹೊಸ ಬಗೆಯೊಂದನ್ನು ಪ್ರಕಟಿಸಿದರು. ಅಲ್ಯೂಮಿನಿಯಂ ನೈಟ್ರೇಟ್ ಮತ್ತು ಯೂರಿಯಾವನ್ನು ನೀರಿನಲ್ಲಿ ಕರಗಿಸಿ 500 ಡಿಗ್ರಿಯ ಕುಲುಮೆಯೊಳಗಿಡಬೇಕು. ದ್ರಾವಣ ಕುದಿಯುತ್ತದೆ, ನೊರೆಯೇಳುತ್ತದೆ, ಒಮ್ಮೆಲೆ ಹೊತ್ತಿಕೊಳ್ಳುತ್ತದೆ. ಇಲ್ಲಿ ಯೂರಿಯಾವೇ ಉರುವಲು. ಐದು ನಿಮಿಷದೊಳಗೆ ಪಾತ್ರೆಯಲ್ಲಿ ದಾವಣಗೆರೆ ಮಂಡಕ್ಕಿಯಂತೆ ಉಬ್ಬಿದ ಹಗುರ ಅಲ್ಯೂಮಿನಾ ಸಿದ್ಧ.

ಉರಿಯ ಶಾಖ 1,300 ಡಿಗ್ರಿ ಮೀರಿದರೂ ಅದು ಕ್ಷಣಕಾಲದ್ದು. ರಭಸದಿಂದ ಹೊರಬೀಳುವ ಅನಿಲಗಳು ಪುಡಿಯನ್ನು ಒಡೆದು ತಣ್ಣಗಾಗಿಸುತ್ತವೆ. ಹರಳುಗಳಿಗೆ ಬೆಳೆಯಲು ಪುರಸೊತ್ತೇ ಸಿಗುವುದಿಲ್ಲ. ದಿನಗಟ್ಟಲೆ ಕುಲುಮೆ ಉರಿಸಬೇಕಾಗಿದ್ದ ಕೆಲಸ ಹೀಗೆ ಒಲೆಯ ಮೇಲಿನ ಅಡುಗೆಯಷ್ಟು ಸುಲಭವಾಯಿತು. ಇಂದು ಈ ವಿಧಾನ ಜಗತ್ತಿನ ಅನೇಕ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ.

ಅದೇ ಸಂಸ್ಥೆಯ ಎಂ.ಎಸ್. ಹೆಗ್ಡೆ ಈ ವಿಧಾನವನ್ನು ಕ್ರಿಯಾವರ್ಧಕಗಳತ್ತ ತಿರುಗಿಸಿದರು. ಸೀರಿಯಂ ಲವಣದ ಜೊತೆಗೇ ಚೂರು ಪ್ಲಾಟಿನಂ ಅಥವಾ ಪಲ್ಲಾಡಿಯಂ ಲವಣವನ್ನೂ ಕರಗಿಸಿ, ತಕ್ಕ ಉರುವಲು ಬೆರೆಸಿ ಹೊತ್ತಿಸಿದರು. ಬಂದ ಪುಡಿಯನ್ನು ಎಕ್ಸ್‌ಕಿರಣಗಳಿಂದ ಪರೀಕ್ಷಿಸಿದಾಗ ಲೋಹದ ಕಣಗಳ ಸುಳಿವು ಅತ್ಯಲ್ಪ. ಲೋಹ ಹೋಗಿರಲಿಲ್ಲ. ಬಹುಪಾಲು ಪರಮಾಣುಗಳು ವಿದ್ಯುದಾವೇಶ ಹೊತ್ತ ಅಯಾನುಗಳಾಗಿ ಸೀರಿಯಾದ ಹರಳಿನೊಳಗೆ, ಸೀರಿಯಂ ಇರಬೇಕಾದ ಸ್ಥಾನಗಳಲ್ಲಿ ಕುಳಿತಿದ್ದವು. ಪಾರ್ಥಸಾರಥಿ ಬೇರ, ಪಾಟೀಲ, ಹೆಗ್ಡೆ ಮತ್ತು ಸಂಗಡಿಗರು 2000ದಲ್ಲಿ ಇದನ್ನು ಪ್ರಕಟಿಸಿದರು. ನಂತರ ರಾಸಾಯನಿಕ ಎಂಜಿನಿಯರಿಂಗ್ ವಿಭಾಗದ ಗಿರಿಧರ ಮದ್ರಾಸ್ ಸಹ ಜೊತೆಗೂಡಿ ಈ ಬಗೆಯ ಅನೇಕ ಕ್ರಿಯಾವರ್ಧಕಗಳನ್ನು ರೂಪಿಸಿದರು.

ಇದರ ಅರ್ಥ ಸರಳ. ಕಣವೇ ಇಲ್ಲದ ಮೇಲೆ ಕಣ ಬೆಳೆಯುವ ಪ್ರಶ್ನೆ ಎಲ್ಲಿಂದ? ನೂರು ಸೀರಿಯಂ ಸ್ಥಾನಗಳಲ್ಲಿ ಒಂದೆರಡನ್ನು ಮಾತ್ರ ಬೆಲೆಬಾಳುವ ಲೋಹಕ್ಕೆ ಬಿಟ್ಟುಕೊಟ್ಟರೆ, ಮೇಲ್ಮೈಗೆ ಬಂದ ಪ್ರತಿ ಪರಮಾಣುವೂ ದುಡಿಯುತ್ತದೆ. ಹೊಗೆಯ ಮಾನಾಕ್ಸೈಡ್, ಹೈಡ್ರೋಕಾರ್ಬನ್ ಮತ್ತು ನೈಟ್ರೋಜನ್ ಆಕ್ಸೈಡ್ ಮೂರನ್ನೂ ನಿವಾರಿಸುವಲ್ಲಿ ಈ ಪುಡಿಗಳು ಚುರುಕಾಗಿದ್ದವು. ಲೋಹವನ್ನು ಹೊರುತ್ತಿದ್ದ ಆಸರೆ ಇಲ್ಲಿ ಲೋಹವನ್ನು ತನ್ನೊಳಗೇ ಸೇರಿಸಿಕೊಂಡು, ತನ್ನ ಆಮ್ಲಜನಕದಿಂದ ತಾನೂ ಕ್ರಿಯೆಯಲ್ಲಿ ಪಾಲುಗೊಂಡಿತು.

ಬೇರೆಡೆಯೂ ಚಿಂತನೆ ಇದೇ ದಿಕ್ಕಿನಲ್ಲಿ ಸಾಗಿತ್ತು. ಜಪಾನಿನ ದೈಹತ್ಸು ಕಂಪನಿಯವರು 2002ರಲ್ಲಿ ವರ್ಣಿಸಿದ ಕ್ರಿಯಾವರ್ಧಕದಲ್ಲಿ, ಹೊಗೆಯ ಗುಣ ಬದಲಾದಂತೆ ಪಲ್ಲಾಡಿಯಂ ಆಕ್ಸೈಡಿನ ಹರಳಿನಿಂದ ಹೊರಬಂದು ಮತ್ತೆ ಒಳಸೇರುತ್ತಿತ್ತು. ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಅಭಯ ದಾತ್ಯೆ ಮತ್ತು ಜೊತೆಗಾರರು 2016ರಲ್ಲಿ ಇನ್ನೊಂದು ಸಂಗತಿ ತೋರಿಸಿದರು. 800 ಡಿಗ್ರಿಯ ಗಾಳಿಯಲ್ಲಿ ಕಣಗಳಿಂದ ಕಳಚಿ ಹೊರಟ ಪ್ಲಾಟಿನಂ ಪರಮಾಣುಗಳನ್ನು ಸೀರಿಯಾ ಬಲೆಯಂತೆ ಹಿಡಿದು ಒಂಟಿಯಾಗಿಯೇ ನಿಲ್ಲಿಸುತ್ತದೆ. ಸಾಮಾನ್ಯವಾಗಿ ಕ್ರಿಯಾವರ್ಧಕವನ್ನು ಕೊಲ್ಲುವ ಬಿಸಿಯೇ ಇಲ್ಲಿ ಲೋಹವನ್ನು ಹಂಚಿತು.

ಹಾಗೆಂದು ಒಂಟಿ ಪರಮಾಣು ಎಲ್ಲ ಕೆಲಸಕ್ಕೂ ಮದ್ದಲ್ಲ. ಸಾರಜನಕದ ಅಣುವನ್ನು ಒಡೆಯಲು ಕಬ್ಬಿಣದ ಹಲವು ಪರಮಾಣುಗಳು ಪಕ್ಕಪಕ್ಕ ಇರಲೇಬೇಕು. ಅಲ್ಲಿ ಆಸರೆಯ ಕೆಲಸ ಕಣವನ್ನು ಕರಗಿಸುವುದಲ್ಲ, ಹದವಾದ ಗಾತ್ರದಲ್ಲಿ ಕಾಯುವುದು. ಯಾವ ಕ್ರಿಯೆಗೆ ಯಾವ ಗಾತ್ರ, ಆ ಗಾತ್ರಕ್ಕೆ ಯಾವ ಆಸರೆ ಎಂಬ ಜೋಡಿ ಹುಡುಕುವುದೇ ಇಂದಿನ ಸಂಶೋಧನೆಯ ತಿರುಳು.

ಕಲ್ಲಿನಲ್ಲೇ ಇರುವ ಜೋಡಿ

ಇಂಥ ಜೋಡಿಯೊಂದು ಚನ್ನಗಿರಿಯ ನೆಲದಲ್ಲೇ ಇದೆ ಎನ್ನುವುದು ಸ್ವಾರಸ್ಯಕರ. ತಾಲ್ಲೂಕಿನ ಉಬ್ರಾಣಿ, ತಾವರೆಕೆರೆ ಭಾಗದ ಮ್ಯಾಗ್ನೆಟೈಟ್ ಅದಿರಿನಲ್ಲಿ ಟೈಟಾನಿಯಂ ಮತ್ತು ವೆನೇಡಿಯಂ ಒಟ್ಟಿಗೇ ಸೇರಿವೆ. ನೈಟ್ರೋಜನ್ ಆಕ್ಸೈಡುಗಳನ್ನು ಅಮೋನಿಯಾದಿಂದ ನಿವಾರಿಸಲು ಜಪಾನಿನಲ್ಲಿ 1970ರ ದಶಕದಲ್ಲಿ ರೂಪುಗೊಂಡ ಕ್ರಿಯಾವರ್ಧಕದಲ್ಲೂ ಇದೇ ಎರಡು ಲೋಹಗಳ ಆಕ್ಸೈಡುಗಳಿವೆ. ವೆನೇಡಿಯಂ ದುಡಿಯುವುದು, ಟೈಟಾನಿಯಾ ಆಸರೆ. ಬಿಸಿ ಹೆಚ್ಚಾದಾಗ ಟೈಟಾನಿಯಾದ ಹರಳಿನ ರೂಪ ಕೆಡದಿರಲೆಂದು ಟಂಗ್‌ಸ್ಟನ್ ಆಕ್ಸೈಡ್ ಬೆರೆಸುತ್ತಾರೆ.

ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್–6 ನಿಯಮ ಬಂದ ಮೇಲೆ ಹೊಸ ಡೀಸೆಲ್ ಬಸ್ಸು, ಲಾರಿಗಳಲ್ಲಿ ಇದೇ ತತ್ವದ ಯಂತ್ರ ಸಾಮಾನ್ಯವಾಗಿದೆ. ಅದಕ್ಕೆ ಅಮೋನಿಯಾ ಒದಗಿಸುವುದು ವಾಹನದ ಪ್ರತ್ಯೇಕ ಟ್ಯಾಂಕಿಯಲ್ಲಿ ತುಂಬುವ ಶೇಕಡ 32.5ರ ಯೂರಿಯಾ ದ್ರಾವಣ. ಕ್ರಿಯಾವರ್ಧಕವಾಗಿ ಕೆಲವು ಕಂಪನಿಗಳು ವೆನೇಡಿಯಂ ಬಳಸುತ್ತವೆ. ಇನ್ನು ಕೆಲವು ತಾಮ್ರದ ಅಯಾನುಗಳನ್ನು ಜಿಯೋಲೈಟ್ ಎಂಬ ಜಾಲಂಧ್ರದಂಥ ಹರಳಿನೊಳಗೆ ಕೂರಿಸುತ್ತವೆ. ಗದ್ದೆಗೆ ಬೀಳುವ ಯೂರಿಯಾವೇ ಈಗ ಹೊಗೆಯನ್ನೂ ತೊಳೆಯುತ್ತಿದೆ.

ನೆಲದಲ್ಲಿ ಅಪರೂಪದ ಲೋಹವಿದೆ ಎಂದು ಗೊತ್ತಾದೊಡನೆ ಅದನ್ನು ತೆಗೆದರೆ ಎಷ್ಟು ಸಂಪತ್ತು ಎಂಬ ಲೆಕ್ಕ ಆರಂಭವಾಗುತ್ತದೆ. ಗ್ರಾಂ ಲೋಹಕ್ಕೆ ಟನ್ ಕಲ್ಲು ಎಂಬ ಅನುಪಾತದಲ್ಲಿ ಹೊಲ, ತೋಟ, ಕೆರೆಗಳ ನಷ್ಟವೂ ಆ ಲೆಕ್ಕದಲ್ಲಿ ಬರಬೇಕು. ಅದರ ಜೊತೆಗೆ ಈ ಇತಿಹಾಸ ಕಲಿಸುವ ಇನ್ನೊಂದು ಲೆಕ್ಕವೂ ಇದೆ. ಕನ್ವರ್ಟರ್‌ನೊಳಗಿನ ಪಲ್ಲಾಡಿಯಂ ಕಣಗಳು ಕೂಡಿಕೊಂಡು ಅರ್ಧ ಶಕ್ತಿ ಕಳೆದುಕೊಂಡರೆ, ಅದಕ್ಕಾಗಿ ಒಡೆದ ಬೆಟ್ಟದಲ್ಲಿ ಅರ್ಧ ವ್ಯರ್ಥವಾದಂತೆ. ಒಳ್ಳೆಯ ಆಸರೆ ಸಿಕ್ಕಿ ಅದೇ ಕೆಲಸ ಅರ್ಧ ಲೋಹದಲ್ಲಿ ಮುಗಿದರೆ, ಅರ್ಧ ಕಲ್ಲು ನೆಲದಲ್ಲೇ ಉಳಿಯುತ್ತದೆ. ಹಳೆಯ ಕನ್ವರ್ಟರ್‌ಗಳಿಂದ ಲೋಹವನ್ನು ಮರಳಿ ತೆಗೆಯುವ ಉದ್ಯಮ ಬೆಳೆದಷ್ಟೂ ಈ ಉಳಿತಾಯ ಹೆಚ್ಚುತ್ತದೆ.

ಕಲ್ನಾರು, ಪಾಚಿಯ ಚಿಪ್ಪಿನ ಮಣ್ಣು, ಅಲ್ಯೂಮಿನಾ, ಸೀರಿಯಾ. ಆಸರೆಯಾದ ಇವುಗಳ ಬೆಲೆ ಲೋಹದ ಬೆಲೆಯ ಮುಂದೆ ಏನೇನೂ ಅಲ್ಲ. ಆದರೂ ಬೆಲೆಬಾಳುವ ಲೋಹ ಎಷ್ಟು ಕಾಲ ಬಾಳಬೇಕೆಂದು ತೀರ್ಮಾನಿಸುತ್ತ ಬಂದಿರುವುದು ಅವೇ. ಹನುಮಲಾಪುರದ ಕಲ್ಲಿನಲ್ಲಿ ಎಷ್ಟು ಪಲ್ಲಾಡಿಯಂ ಇದೆ ಎಂದು ಕೇಳುವವರು, ಒಂದು ಗ್ರಾಂ ಪಲ್ಲಾಡಿಯಂನಿಂದ ಎಷ್ಟು ಕೆಲಸ ತೆಗೆಯಬಹುದು ಎಂದೂ ಕೇಳಬೇಕು. ಮೊದಲ ಪ್ರಶ್ನೆಗೆ ಉತ್ತರ ಗಣಿಯಲ್ಲಿದ್ದರೆ, ಎರಡನೆಯದಕ್ಕೆ ಐದು ನಿಮಿಷದಲ್ಲಿ ಉಬ್ಬಿ ಬರುವ ಆ ಹಗುರ ಪುಡಿಯಲ್ಲಿದೆ.